ಮಾವನ ಬೇವಿನ ಪರೀಕ್ಷೆ

ನಮ್ಮ ಮಾವನಿಗೆ ಹಾವಿನ ಗುರುತು ಚೆನ್ನಾಗಿ ಗೊತ್ತು ಎಂದು ಅಂದೋಲಾ ಊರಿನ ಸುತ್ತಮುತ್ತ ಎಲ್ಲರೂ ನಂಬಿದ್ದರು. ನಿಜಾಮರ ಆಳ್ವಿಕೆಯ ಆ ದಿನಗಳಲ್ಲಿ ಯಾರಿಗೆ ಹಾವು ಕಚ್ಚಿದರೂ ಮೊದಲು ನಮ್ಮ ಮನೆಯ ಕಟ್ಟೆಗೇ ಕರೆತರುತ್ತಿದ್ದರು. ಮಾವ ಅವರ ಬಾಯಿಗೆ ಬೇವಿನ ಎಲೆ ತುರುಕುತ್ತಿದ್ದರು. ಕಹಿ ಎಂದರೆ ವಿಷವಿಲ್ಲ, ಸಪ್ಪೆ ಎಂದರೆ ವಿಷ ಏರಿದೆ. ಅವರ ವಿದ್ಯೆ ಇಷ್ಟೇ. ಇಷ್ಟಕ್ಕೇ ಅವರು ಮೀಸೆ ತಿರುವುತ್ತಿದ್ದ ರೀತಿ ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ನನ್ನ ನೆಗೆಣ್ಣಿ, ಆ ಮನೆಯ ಹಿರಿಯ ಸೊಸೆ, ಹೊಲಕ್ಕೆ ಬುತ್ತಿ ಹೊತ್ತು ಹೋಗುವಾಗ ಕಾಲುದಾರಿಯಲ್ಲಿ ಕಚ್ಚಿಸಿಕೊಂಡಳು. ಅಷ್ಟು ನೋವಿನಲ್ಲೂ ಹಾವನ್ನು ಸರಿಯಾಗಿ ನೋಡಿಕೊಂಡಿದ್ದಳು. ಕುಂಟುತ್ತ ಮನೆಗೆ ಬಂದು ಹೇಳಿದಳು: "ಕೊಳಕಮಂಡಲ ಇತ್ರಿ ಮಾವಾರ. ಬೆನ್ನ ಮ್ಯಾಲ ಸರಪಳಿ ಹಂಗ ಮಚ್ಚಿ ಇದ್ವು. ತಿದಿ ಒತ್ತಿದಂಗ ಬುಸ್ ಅಂತಿತ್ತು."

"ಮಣ್ಣುಮುಕ್ಕ ಹಾವು ನೋಡಿ ಹೆದರೀದಿ ನೀ. ಅದಕ್ಕ ವಿಷ ಎಲ್ಲಿಂದ ಬರಬೇಕು?" ಎಂದು ಮಾವ ಎಲೆ ಕೊಟ್ಟರು.

ಅವಳು ಅಗಿದಳು. "ಕಹಿ ಅದರಿ," ಎಂದಳು.

"ಹಂಗಾರ ಮುಗೀತು. ಹೋಗು, ರೊಟ್ಟಿ ಬಡಿ."

ಪಾದ ಆಗಲೇ ಊದಿಕೊಳ್ಳುತ್ತಿತ್ತು. ಜೇವರ್ಗಿಯ ದವಾಖಾನೆಗೆ ಗಾಡಿ ಕಟ್ಟಿಸಿರೆಂದು ನಾನು ಅತ್ತೆಯ ಕಾಲು ಹಿಡಿದೆ. ಅತ್ತೆ ಮಾವನ ಮುಖ ನೋಡಿದರು. "ಎತ್ತು ಖಾಲಿ ಇಲ್ಲ," ಎಂದರು ಮಾವ. ಎರಡೂ ಎತ್ತು ಕೊಟ್ಟಿಗೆಯಲ್ಲಿ ಮಲಗಿದ್ದವು. ಅವಳ ಗಂಡನೋ, ಅಪ್ಪನೆದುರು ಬಾಯಿ ಬಿಡುವ ಆಸಾಮಿಯಲ್ಲ. ದವಾಖಾನೆಗೆ ಹೋಗಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ಗಾಡಿ ಕಟ್ಟಬಹುದಿತ್ತು.

ಮರುದಿನ ಅವಳ ವಸಡಿನಲ್ಲಿ ರಕ್ತ ಒಸರತೊಡಗಿತು, ಕಾಲು ಮೊಣಕಾಲಿನವರೆಗೆ ಕಪ್ಪಾಯಿತು. ಮೂರನೆಯ ದಿನ ಸತ್ತಳು. ವಿಷ ಏರಿದರೂ ಬೇವು ಕಹಿಯಾಗಿಯೇ ಇರುತ್ತದೆಂದು ಎಷ್ಟೋ ವರ್ಷಗಳ ಮೇಲೆ ಒಬ್ಬ ಡಾಕ್ಟರು ನನಗೆ ಹೇಳಿದರು.

ಮಣ್ಣಿಗೆ ಬಂದ ಜನರ ಮುಂದೆ ಮಾವ ಕೈ ಚೆಲ್ಲಿದರು: "ಎಲಿ ಕಹಿ ಅದ ಅಂತ ಸುಳ್ಳು ಹೇಳಿದಳು. ನಾ ಏನ್ ಮಾಡ್ಲಿ?"

ಹೆಣ ಇನ್ನೂ ಅಂಗಳದಲ್ಲಿತ್ತು. ಅಲ್ಲಿಯವರೆಗೆ ಮಾವನ ಮುಂದೆ ತುಟಿ ಬಿಚ್ಚದ ನಾನು ಸೆರಗು ಸರಿಸಿ ನಿಂತೆ.

"ಆಕಿ ಎರಡು ಮಾತು ಹೇಳಿದ್ಲ್ರಿ. ಎರಡೂ ಖರೆ ಇದ್ವು. ನೀವು ಒಂದೇ ಕೇಳಿದ್ರಿ."

ಮಾವ ನನ್ನ ಕಡೆ ಒಮ್ಮೆ ನೋಡಿದರು, ಅಷ್ಟೇ. ವಾರ ಕಳೆಯುವ ಮೊದಲೇ ಅತ್ತೆಗೆ ಹೇಳಿ, ಬುತ್ತಿಯನ್ನು ನನ್ನ ತಲೆಗೆ ಹೊರಿಸಿ, ಬರಿಗಾಲಲ್ಲಿ ಅದೇ ಕಾಲುದಾರಿಗೆ ಕಳಿಸಿದರು.