ಹಿಂದೆ ಕೂರೋರು ಯಾರು?

ಹೋದ ತಿಂಗಳು ಕಾರಿಗೆ ಟೈರು ಹಾಕಿಸಲು ಹೋಗಿದ್ದೆ. ಶಿವಮೊಗ್ಗದಲ್ಲಿ ಈಗ ಟೈರು ಮಾರುವವರೂ ಬಂಗಾರದ ಅಂಗಡಿಯವರ ಹಾಗೆ ಗಾಜು, ಎ.ಸಿ., ಸೋಫಾ ಎಲ್ಲ ಇಟ್ಟುಕೊಂಡಿದ್ದಾರೆ. ಬಾಗಿಲು ತಳ್ಳಿದ ಕೂಡಲೇ ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಅಂಗಡಿ ಎಷ್ಟು ಬದಲಾದರೂ ಆ ವಾಸನೆ ಮಾತ್ರ ಬದಲಾಗಿಲ್ಲ... ಕೌಂಟರಿನಲ್ಲಿದ್ದವರು ಏನೋ ಕೇಳುತ್ತಿದ್ದರು. ನನ್ನ ಮನಸ್ಸು ಆಗಲೇ ಇಪ್ಪತ್ತು ವರ್ಷ ಹಿಂದಿನ ತಗಡಿನ ಶೆಡ್ಡೊಂದಕ್ಕೆ ಹೋಗಿಬಿಟ್ಟಿತ್ತು.

ಆ ಶೆಡ್ಡು ಬಿ.ಎಚ್. ರಸ್ತೆಯ ಮಗ್ಗುಲಲ್ಲಿತ್ತು. ಪಂಕ್ಚರ್ ನೋಡಲು ನೀರು ತುಂಬಿದ ತೊಟ್ಟಿ, ಗೋಡೆಗೆ ಒರಗಿಸಿದ ಸರಳುಗಳು, ಸೂರಿನವರೆಗೆ ಪೇರಿಸಿದ ಟೈರುಗಳು. ಅಂಗಡಿಯವರನ್ನು ಊರೆಲ್ಲ ಟೈರ್ ಸಾಬರು ಎನ್ನುತ್ತಿತ್ತು, ನಾನು ಚಾಚಾ ಎನ್ನುತ್ತಿದ್ದೆ. ಗಾಡಿ ಬಂದು ನಿಂತರೆ ಎಷ್ಟು ಓಡಿದೆ, ಎಷ್ಟು ಸ್ಪೀಡು ಎಂದು ಅವರು ಕೇಳುತ್ತಿರಲಿಲ್ಲ. ಅದನ್ನೆಲ್ಲ ಸವೆದ ಟೈರೇ ಹೇಳುತ್ತದೆ ಎಂಬುದು ಅವರ ನಂಬಿಕೆ. ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ.

"ಹಿಂದೆ ಕೂರೋರು ಯಾರು?"

ಮಕ್ಕಳೋ, ವಯಸ್ಸಾದವರೋ, ಬಸುರಿಯೋ, ಅಡಿಕೆ ಮೂಟೆಯೋ ಎಂಬುದರ ಮೇಲೆ ಟೈರು ತೀರ್ಮಾನವಾಗುತ್ತಿತ್ತು. ಆಮೇಲೆ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿ ಓದಿ, ಅದು ಯಾವ ವರ್ಷದ ಎಷ್ಟನೇ ವಾರ ಹುಟ್ಟಿದ್ದೆಂದು ಲೆಕ್ಕ ಹಾಕುತ್ತಿದ್ದರು. ಕೊನೆಗೆ ಬಲಗೈಯ ಹೆಬ್ಬೆರಳಿನ ಉಗುರನ್ನು ರಬ್ಬರಿಗೆ ಒತ್ತಿ, ನಾಡಿ ಹಿಡಿದ ಪಂಡಿತರ ಹಾಗೆ ಕಣ್ಣು ಮುಚ್ಚುತ್ತಿದ್ದರು. ಉಗುರು ಒಪ್ಪದ ಟೈರನ್ನು ದೇವರೇ ಬಂದು ಕೇಳಿದರೂ ಕೊಡುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ನಾನು ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ಕ್ವಾಲಿಟಿ ನೋಡುವ ಕೆಲಸದಲ್ಲಿದ್ದೆ. ಬೇರೆಯವರು ಎರಕ ಹೊಯ್ದ ಕಬ್ಬಿಣದಲ್ಲಿ ಬಿರುಕು ಹುಡುಕುವುದು ನನ್ನ ಉದ್ಯೋಗ. ಆ ಗತ್ತಿಗೆ ತಕ್ಕಂತೆ ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಕೆಂಪು ಸ್ಪೋರ್ಟ್ಸ್ ಸೆಡಾನ್ ಕೊಂಡಿದ್ದೆ. ಹಿಂದುಗಡೆ ರೆಕ್ಕೆಯ ಹಾಗೆ ಎದ್ದ ಸ್ಪಾಯ್ಲರ್ ಬೇರೆ. ನನ್ನ ಹೆಂಡತಿ ಅದನ್ನು "ನಿಮ್ಮ ಕಿರಿ ಹೆಂಡ್ತಿ" ಎಂದೇ ಕರೆಯುತ್ತಿದ್ದಳು. ಹೊಸಮನೆಯ ನಮ್ಮ ಬೀದಿಯಲ್ಲಿ ಅದನ್ನು ತಿರುಗಿಸಿ ನಿಲ್ಲಿಸುವಾಗ ಯಾರಾದರೂ ನೋಡುತ್ತಿದ್ದಾರೋ ಇಲ್ಲವೋ ಎಂದು ನಾನೇ ನೋಡುತ್ತಿದ್ದೆ.

ಟೈರು ಸವೆದಾಗ ಚಾಚಾನ ಹತ್ತಿರ ಹೋಗಿ ಅಗಲವಾದ, ಕಾರಿನಿಂದ ಆಚೆ ಉಬ್ಬಿ ಕಾಣುವ ಟೈರು ಬೇಕೆಂದೆ.

"ನೋಡೋರಿಗೆ ಟೈರ್ ಬೇಕಾ ಸಾರ್, ಕೂರೋರಿಗೆ ಬೇಕಾ?" ಎಂದರು. "ಹಿಂದೆ ಯಾರು ಕೂರ್ತಾರೆ?"

"ಅಮ್ಮ, ಮಗಳು."

"ಹಾಗಾದ್ರೆ ಮುಗೀತು. ಆಲ್ ಸೀಸನ್ ಹಾಕ್ತೀನಿ. ನಮ್ಮೂರಲ್ಲಿ ಸೀಸನ್ ಎರಡೇ. ಒಂದು ಮಳೆ, ಇನ್ನೊಂದು ಮಳೆ ಬರೋ ಮುಂಚೆ. ಎರಡಕ್ಕೂ ಇದು ಆಗುತ್ತೆ."

ಜುಟ್ಟಿಗೆ ಮಲ್ಲಿಗೆ ಮುಡಿಯಲು ಹೋದವನು ಹೊಟ್ಟೆಯ ಹಿಟ್ಟಿಗೆ ಒಪ್ಪಿಕೊಂಡೆ. ನನ್ನ ಅಳತೆಯವು ಅಂಗಡಿಯಲ್ಲಿ ಎರಡೇ ಇದ್ದವು, ಇನ್ನೆರಡು ಹುಬ್ಬಳ್ಳಿಯಿಂದ ಬರಲು ಹದಿನೈದು ದಿನ ಬೇಕಿತ್ತು. ಇದ್ದ ಎರಡನ್ನೂ ಚಾಚಾ ಹಿಂದಿನ ಚಕ್ರಗಳಿಗೆ ಹಾಕಿದರು. ನಾನು ಹುಬ್ಬೇರಿಸಿದೆ.

"ಮುಂದಿನದು ಜಾರಿದ್ರೆ ಸ್ಟೇರಿಂಗ್ ನಿಮಗೆ ಹೇಳುತ್ತೆ ಸಾರ್. ಹಿಂದಿನದು ಜಾರಿದ್ರೆ ಹೇಳೋದಿಲ್ಲ, ಕೇಳೋದೂ ಇಲ್ಲ. ಇವು ಎರಡು ವಾರ ಹಿಂದೇನೇ ಇರ್ಲಿ." ಹಾಗೆಂದು ಸಣ್ಣ ಬ್ರಷ್ಷಿನಿಂದ ಎರಡು ಹೊಸ ಟೈರಿಗೂ ಒಂದೊಂದು ಬಿಳಿ ಚುಕ್ಕೆ ಇಟ್ಟರು. ತಾವು ಕೂರಿಸಿದ ಟೈರಿಗೆ ಚುಕ್ಕೆ ಇಡುವುದು ಅವರ ಪದ್ಧತಿ. ದಾರಿಯಲ್ಲಿ ಎಲ್ಲಿ ಕಂಡರೂ ತಮ್ಮ ಕೆಲಸದ ಗುರುತು ಸಿಗಲಿ ಎಂದು.

ಮರುದಿನ ಫೌಂಡ್ರಿಯಲ್ಲಿ ಚಹಾದ ಹೊತ್ತಿಗೆ ಗೆಳೆಯರು ಕಾರಿನ ಸುತ್ತ ಬಂದರು. "ಎಂಜಿನ್ ಎಳೆಯೋದು ಮುಂದೆ, ತಿರುಗೋದು ಮುಂದೆ, ಹೊಸ ಟೈರ್ ಹಿಂದೆ! ಹೊಸ ಅಂಗಿ ಹಾಕ್ಕೊಂಡು ಮೇಲೆ ಹರಕು ಅಂಗಿ ಹಾಕ್ಕೊಂಡ ಹಾಗಾಯ್ತಲ್ಲ ಮಾರಾಯ," ಎಂದು ಒಬ್ಬ ನಕ್ಕ. ಎಲ್ಲರೂ ನಕ್ಕರು. ಕಬ್ಬಿಣ ಕರಗಿಸುವವರ ಮುಂದೆ ಟೈರಿನ ಸಾಬರ ಮಾತು ಹೇಳಲು ನನಗೆ ನಾಚಿಕೆಯಾಯಿತು. ಆ ಭಾನುವಾರ ಮನೆಯ ಮುಂದೆ ಜಾಕ್ ಕೊಟ್ಟು, ಹಿಂದಿನದನ್ನು ಮುಂದೆ, ಮುಂದಿನದನ್ನು ಹಿಂದೆ ನಾನೇ ಬದಲಾಯಿಸಿದೆ. ಕೈ ತೊಳೆದುಕೊಂಡು ಕಾರನ್ನು ಒಂದು ಸುತ್ತು ನೋಡಿದೆ. ಖುಷಿಯಾಯಿತು. ಈಗಲೂ ನೆನಪಿದೆ, ಬಹಳ ಖುಷಿಯಾಗಿತ್ತು.

ವಾರ ಕಳೆದಿರಬೇಕು. ಮಧ್ಯಾಹ್ನ ಅಂಗಡಿಯ ಮುಂದೆ ಹಾದುಹೋಗುವಾಗ ಚಾಚಾ ಕೈ ಅಡ್ಡ ಹಿಡಿದರು. ಭದ್ರಾವತಿಯಲ್ಲಿದ್ದ ಅವರ ಮಗಳಿಗೆ ಹೆರಿಗೆಯಾಗಿತ್ತು, ಅಲ್ಲಿಗೆ ಬಿಡಬೇಕಿತ್ತು. ಕಂಕುಳಲ್ಲಿ ಸಿಹಿಯ ಡಬ್ಬ, ಕೈಯಲ್ಲಿ ಒಂದು ಪುಟಾಣಿ ಉಣ್ಣೆಯ ಟೋಪಿ. ಯಾವತ್ತೂ ಮೊದಲು ಚಕ್ರ ನೋಡಿ ಆಮೇಲೆ ಮುಖ ನೋಡುವ ಮನುಷ್ಯ ಅವತ್ತು ಆ ಟೋಪಿಯನ್ನಷ್ಟೇ ನೋಡುತ್ತಿದ್ದರು. ನಾನು ಮುಂದಿನ ಬಾಗಿಲು ತೆರೆದೆ.

"ಬೇಡ ಸಾರ್. ನಾನು ಟೈರ್ ಕೂರಿಸಿದ ಗಾಡಿ. ಹಿಂದೇನೇ ಆರಾಮಾಗಿ ಕೂರ್ತೀನಿ."

ಆ ಕ್ಷಣ ಹೇಳಬಹುದಿತ್ತು... 'ಚಾಚಾ, ಬದಲಾಯಿಸಿದ್ದೇನೆ' ಎಂದರೆ ಬೈದು, ಐದು ನಿಮಿಷದಲ್ಲಿ ಸರಿಮಾಡಿ ಹೊರಡುತ್ತಿದ್ದರು. ಅರ್ಧ ಗಂಟೆಯ ದಾರಿ ತಾನೆ ಎಂದುಕೊಂಡು ಹಿಂದಿನ ಬಾಗಿಲು ತೆರೆದುಕೊಟ್ಟೆ.

ಮಾಚೇನಹಳ್ಳಿ ದಾಟುವಾಗ ಹನಿ ಬಿತ್ತು, ಆ ವರ್ಷದ ಮೊದಲ ಮಳೆ. ತಿರುವಿನಲ್ಲಿ ಮುಂದಿದ್ದ ಬಸ್ಸು ತಟ್ಟನೆ ನಿಂತಿತು. ನಾನು ಬ್ರೇಕ್ ಒತ್ತಿದೆ. ಮುಂಭಾಗ ರಸ್ತೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು, ಹಿಂಭಾಗ ಸದ್ದಿಲ್ಲದೆ ಸುತ್ತಿ ಬಂದು ಮೋರಿಯ ಕಟ್ಟೆಗೆ ಬಡಿಯಿತು. ಸ್ಟೇರಿಂಗ್ ನನಗೆ ಏನೂ ಹೇಳಲಿಲ್ಲ. ನನಗೆ ಒಂದು ಗೀರೂ ಆಗಲಿಲ್ಲ. ಕಟ್ಟೆಗೆ ಬಡಿದ ಕಡೆ ಚಾಚಾನ ಬಲಗೈ ಇತ್ತು.

ಅವರು ತಾವೇ ಇನ್ನೊಂದು ಬಾಗಿಲಿನಿಂದ ಇಳಿದರು. ಬಲಮೊಣಕೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡು ಕಾರಿನ ಹಿಂದೆ ಹೋಗಿ ಬಗ್ಗಿ ಚಕ್ರ ನೋಡಿದರು. ಚುಕ್ಕೆ ಇರಲಿಲ್ಲ. ಮುಂದೆ ಬಂದರು. ಮಳೆಯಲ್ಲಿ ತೊಳೆದ ಬಿಳಿ ಚುಕ್ಕೆ ಮುಂದಿನ ಚಕ್ರದಲ್ಲಿತ್ತು. ತಲೆ ಎತ್ತಿ ನನ್ನನ್ನು ನೋಡಿದರು. ಅಷ್ಟರಲ್ಲಿ ಬಸ್ಸಿನಿಂದ ಜನ ಇಳಿದು ಬಂದಿದ್ದರು.

"ಏನಾಯ್ತು ಮಾರಾಯ್ರೆ?"

ನಾನು ಬಾಯಿ ತೆರೆಯುವ ಮೊದಲೇ ಚಾಚಾ ಹೇಳಿದರು, "ನಾಯಿ ಅಡ್ಡ ಬಂತು."

ಟೈರಿನ ವಿಷಯದಲ್ಲಿ ಗಿರಾಕಿಗೆ ಒಂದೂ ಸುಳ್ಳು ಹೇಳದ ಮನುಷ್ಯ. ಹೇಳಿದ್ದು ಅದೊಂದೇ, ಅದೂ ನನಗಾಗಿ.

ಅವರ ಮೊಣಕೈ ಮತ್ತೆ ನೆಟ್ಟಗಾಗಲಿಲ್ಲ. ಹೆಬ್ಬೆರಳಿಗೆ ಸ್ಪರ್ಶ ತಿಳಿಯುತ್ತಿರಲಿಲ್ಲ. ಸರಳು ಹಾಕಿ ಟೈರು ಎಬ್ಬಿಸಲು ಎರಡು ಕೈಯ ಬಲವೂ ಬೇಕು. ಕೆಲವು ತಿಂಗಳು ನೋಡಿ ಶೆಡ್ಡಿಗೆ ಬೀಗ ಹಾಕಿದರು. ನಾನು ಹಣ್ಣು ಹಿಡಿದುಕೊಂಡು ಮನೆಗೆ ಹೋದಾಗಲೆಲ್ಲ ಇವತ್ತು ಹೇಳಿಯೇ ಬಿಡುತ್ತೇನೆ ಎಂದು ಹೋಗುತ್ತಿದ್ದೆ. ನಾನು ಗಂಟಲು ಸರಿಮಾಡಿಕೊಳ್ಳುವ ಸದ್ದು ಕೇಳಿದ ಕೂಡಲೇ ಅವರು ಒಳಗೆ ತಿರುಗಿ "ಸಾರಿಗೆ ಚಾ ಮಾಡು" ಎನ್ನುತ್ತಿದ್ದರು. ಕ್ಷಮಿಸಿದ್ದರೋ, ನನ್ನ ಬಾಯಿಂದ ಅದನ್ನು ಕೇಳುವುದೇ ಅವರಿಗೆ ಬೇಡವಾಗಿತ್ತೋ, ಇವತ್ತಿಗೂ ಗೊತ್ತಿಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡು ನಾನು ಚಹಾ ಕುಡಿದು ಬರುತ್ತಿದ್ದೆ. ಬರಬರುತ್ತಾ ಹೋಗುವುದನ್ನೇ ಕಡಿಮೆ ಮಾಡಿದೆ. ನಾನು ಹೇಡಿ, ಅಷ್ಟೇ. ಅದಕ್ಕೆ ಬೇರೆ ಹೆಸರು ಹುಡುಕಿ ಪ್ರಯೋಜನವಿಲ್ಲ.

ಅವರು ತೀರಿಕೊಂಡದ್ದು ನನಗೆ ತಿಳಿದದ್ದು ತಿಂಗಳಾದ ಮೇಲೆ. ಹೋದೆ. ಅವರ ಹೆಂಡತಿ ಬಾಗಿಲಲ್ಲಿ ಕೂತಿದ್ದರು. ಮೆಟ್ಟಿಲ ಹತ್ತಿರ ಎರಡು ಬೀದಿನಾಯಿಗಳು ಮಲಗಿದ್ದವು.

"ಇವು ಹೋಗೋದೇ ಇಲ್ಲ, ಅವ್ರು ಬರ್ತಾರೆ ಅಂತ ಕಾಯ್ತವೆ," ಎಂದರು. "ಒಂದು ನಾಯಿಯಿಂದ ನಮ್ಮ ಅಂಗಡಿ ಹೋಯ್ತಲ್ಲ ಅಂತ ನಂಗೆ ನಾಯಿ ಕಂಡ್ರೇ ಸಿಟ್ಟು. ಗಲ್ಲಿಗೆ ಬಂದ್ರೆ ಕಲ್ಲು ತಗೋತಿದ್ದೆ. ಅವ್ರು ಬಿಡ್ತಿರ್ಲಿಲ್ಲ. 'ಹೊಡೀಬೇಡ, ನಾಯೀದೇನೂ ತಪ್ಪಿಲ್ಲ' ಅಂತಿದ್ರು. ಎಡಗೈಲಿ ಬನ್ ಮುರಿದು ಹಾಕ್ತಿದ್ರು... ಅಂಥ ದೊಡ್ಡ ಮನಸ್ಸು."

ಆಮೇಲೆ ಅವರು ಚಹಾ ತಂದುಕೊಟ್ಟರು. ನಾನು ಅದನ್ನೂ ಕುಡಿದು ಬಂದೆ.

"ಸಾರ್, ಎಷ್ಟು ಟೈರ್ ಬೇಕು?" ಗಾಜಿನ ಅಂಗಡಿಯವರು ಎರಡನೇ ಸಲ ಕೇಳುತ್ತಿದ್ದರು. ನಾಲ್ಕು ಎಂದೆ. ಕಂಪನಿ ಕೇಳಿದರು, ಗ್ಯಾರಂಟಿ ಹೇಳಿದರು, ಕಂಪ್ಯೂಟರಿನಲ್ಲಿ ಏನೇನೋ ತುಂಬಿಸಿದರು. ಹಿಂದೆ ಯಾರು ಕೂರುತ್ತಾರೆ ಎಂದು ಯಾರೂ ಕೇಳಲಿಲ್ಲ. ನಾನು ಹೆಬ್ಬೆರಳಿನ ಉಗುರನ್ನು ರಬ್ಬರಿಗೆ ಒತ್ತಿ ನೋಡಿದೆ. ನನಗೆ ಏನೂ ತಿಳಿಯಲಿಲ್ಲ.

ಅಲ್ಲಿಂದ ಮನೆಗೆ ಹೋಗಲಿಲ್ಲ. ಆ ಗಲ್ಲಿಗೆ ಹೋದೆ, ಇವತ್ತು ಆ ತಾಯಿಗೆ ಹೇಳಿಯೇ ಬಿಡೋಣ ಎಂದು. ಯಾರೋ ಹೊಸಬರು ಬಾಗಿಲು ತೆರೆದರು. ಅಜ್ಜಿ ಭದ್ರಾವತಿಗೆ ಮಗಳ ಮನೆಗೆ ಹೋಗಿದ್ದರಂತೆ, ಅಲ್ಲೇ ತೀರಿಕೊಂಡು ಎರಡು ವರ್ಷವಾಯಿತಂತೆ. ಮೆಟ್ಟಿಲ ಹತ್ತಿರ ನಾಯಿಗಳೂ ಇರಲಿಲ್ಲ.

ಕಾರಿನಲ್ಲಿ ಬಂದು ಕೂತೆ. ಹೊಸ ರಬ್ಬರಿನ ವಾಸನೆ ಇನ್ನೂ ಬಟ್ಟೆಯಲ್ಲಿತ್ತು. ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು, ಅವತ್ತು ಆ ರಸ್ತೆಯಲ್ಲಿ ನಾಯಿ ಇರಲಿಲ್ಲ ಎಂದು. ಖಾಲಿ ಹಿಂದಿನ ಸೀಟಿನ ಕಡೆ ತಿರುಗಿ ಅದನ್ನು ಗಟ್ಟಿಯಾಗಿ ಹೇಳಿದೆ. ಚಾ ಮಾಡು ಎಂದು ತಡೆಯಲು ಅಲ್ಲಿ ಯಾರೂ ಇರಲಿಲ್ಲ.