ಪದಕದ ಎರಡನೆಯ ಮಗ್ಗಲು

ನೀಲಮ್ಮ ಅಕ್ಕೋರು ತುರುಬಿನಿಂದ ಹೇರ್‌ಪಿನ್ ಕಿತ್ತರೆಂದರೆ ಎದುರಿಗಿದ್ದವರು ತಾವಾಗಿಯೇ ನೆಟ್ಟಗೆ ಕೂರುತ್ತಿದ್ದರು. ಕೂದಲು ಬಿಚ್ಚಿ ಬೆನ್ನಿಗೆ ಬಿದ್ದರೂ ಅವರಿಗೆ ಖಬರಿಲ್ಲ. "ಆ ಕಡಿ ನೋಡ್ರಿ, ನನ್ನ ನೋಡಬ್ಯಾಡ್ರಿ" ಎನ್ನುತ್ತ, ಅಂಗೈಯಗಲದ ಮೇಣದ ಮೇಲೆ ಆ ಪಿನ್ನಿನಿಂದಲೇ ಒಂದು ಮಗ್ಗಲಿನ ಮುಖ ಮೂಡಿಸುತ್ತಿದ್ದರು. ಕೊಪ್ಪಳದ ಶಾಲೆಯೊಂದರಲ್ಲಿ ಅವರು ಚಿತ್ರಕಲೆ ಕಲಿಸುತ್ತಿದ್ದರು.

೧೯೯೭ರಲ್ಲಿ ಕೊಪ್ಪಳ ಜಿಲ್ಲೆಯಾಯಿತು. ಕಚೇರಿಗಳು ಬಂದವು, ಬೆನ್ನಿಗೇ ಸನ್ಮಾನಗಳೂ ಬಂದವು. ನಾನು ಕಪ್ಪು, ಶೀಲ್ಡು, ಪದಕ ಮಾರುವ ಅಂಗಡಿ ತೆರೆದೆ. ಹೊಸದಾಗಿ ಅಂಗಡಿ ಇಡುವವರು ಕೇಳಿ: ಎಲ್ಲರೂ ಮಾರುವುದನ್ನೇ ಮಾರಲು ಹೋಗಬೇಡಿ. ನಾನು ಹೋಗಿ, ಬಾಗಿಲು ಹಾಕುವ ಹಂತಕ್ಕೆ ಬಂದಿದ್ದೆ. ಆಗ ಗಂಗಾವತಿಯ ಅಕ್ಕಿ ಗಿರಣಿ ಸಾವ್ಕಾರರೊಬ್ಬರು ಅರವತ್ತರ ಸಮಾರಂಭದಲ್ಲಿ ತಮ್ಮದೇ ಮುಖದ ಪದಕ ಹಂಚಬೇಕೆಂದರು. ಅದು ಕೈತಪ್ಪಿದರೆ ಅಂಗಡಿಯೂ ಹೋದಂತೆಯೇ.

ಅಕ್ಕೋರ ಮುಂದೆ ಸಾವ್ಕಾರರನ್ನು ಕೂರಿಸಿದೆ. ಮೇಣದಲ್ಲಿ ಜೋತ ಗದ್ದ ಮೂಡುತ್ತಿದ್ದಂತೆ ಮೆಲ್ಲಗೆ, "ಗದ್ದ ಒಂಚೂರು ಕಡಿಮಿ ಮಾಡ್ರಿ" ಎಂದೆ.

"ನಿಮ್ಮ ಚೌಕಾಶಿ ಅಂಗಡ್ಯಾಗ ಇಟ್ಕೋರಿ, ಮುಖದಾಗ ಬ್ಯಾಡ" ಎಂದವರೇ ಪುಸ್ತಕ ತೆರೆದು ಹಳೆಯ ಕಾಲದ ಇಟಲಿಯ ದೊರೆಯೊಬ್ಬನ ಕಂಚಿನ ಪದಕ ತೋರಿಸಿದರು. "ಈ ದೊರಿಗೆ ಒಂದ ಕಣ್ಣು ಹೋಗಿತ್ತು. ಇದ್ದ ಕಣ್ಣಿನ ಮಗ್ಗಲ ತೋರಿಸ್ಯಾರ. ಮುರಿದ ಮೂಗು ಮಾತ್ರ ಹಂಗ ಬಿಟ್ಟಾರ. ತಿದ್ದಿದ್ರ ಯಾರು ಗುರ್ತು ಹಿಡೀತಿದ್ರು?"

ಅಕ್ಕಸಾಲಿ ಪತ್ತಾರರು ಎರಕ ಹೊಯ್ದು ಕೊಟ್ಟ ಮಾದರಿ ಹಿಡಿದು ಅಕ್ಕೋರೂ ನಾನೂ ಗಂಗಾವತಿಗೆ ಹೋದೆವು. ಸಾವ್ಕಾರರು ಖುಷಿಯಾದರು. ಅವರ ತಾಯಿ ಮುಂಬದಿ ನೋಡಿದ್ದೇ ತಡ, ಪದಕ ಚಾಪೆಯ ಮೇಲೆ ಎಸೆದರು. ತೀರಿಕೊಂಡ ಹಿರಿಯರ ಮುಖವನ್ನು ಬೆಳ್ಳಿ ತಗಡಿನ ಮೇಲೆ ಮೂಡಿಸಿ ದೇವರ ಜಗಲಿಯಲ್ಲಿಡುವುದು ಆ ಮನೆಯ ಪದ್ಧತಿ.

"ನನ್ನ ಮಗ ಇನ್ನಾ ಉಣ್ಣಾಕತ್ಯಾನ! ಈಗ ಜಗಲಿಗೆ ಏರಸ್ತೀರೇನು? ನಿಮ್ಮ ಬಾಯಾಗ ಮಣ್ಣ ಹಾಕ!"

ಸಾವ್ಕಾರರ ಮುಖ ಸಣ್ಣದಾಯಿತು. "ಅವ್ವ ಬ್ಯಾಡಂದ್ರ ಬ್ಯಾಡ. ತಗೊಂಡ ಹೋಗ್ರಿ."

ನಾನು ಚೀಲ ಎತ್ತಿದೆ. ಅಕ್ಕೋರು ಮಾತ್ರ ಮುದುಕಿಯ ಪಕ್ಕ ಕೂತರು. "ಯವ್ವಾ, ಜಗಲಿ ಮ್ಯಾಲಿನ ತಗಡು ತಿರುವಿದ್ರ ಹಿಂದ ಏನೈತಿ?"

"ಏನಿರತೈತಿ? ಬೋಳು."

"ಹೌದಲ್ರಿ, ತೀರಿದೋರಿಗೆ ಒಂದ ಮಗ್ಗಲ. ಬದುಕಿದೋರಿಗೆ ಎರಡು. ಇದನ್ನ ತಿರುವ್ರಿ."

ಹಿಂಬದಿಯಲ್ಲಿ ಮೊರ ಹಿಡಿದು ಅಕ್ಕಿ ಕೇರುವ ಎರಡು ಕೈಗಳಿದ್ದವು, ಬಳೆಗಳ ಸಮೇತ. ಕಂಡವರ ಮನೆಯ ಅಕ್ಕಿ ಕೇರಿ ತಾಯಿ ತಮ್ಮನ್ನು ಸಾಕಿದ್ದನ್ನು ಸಾವ್ಕಾರರು ಮೇಣದ ಮುಂದೆ ಕೂತಾಗ ಹೇಳಿದ್ದರು. ಮುದುಕಿ ಬಹಳ ಹೊತ್ತು ಬೆರಳಾಡಿಸಿದರು.

"ನನ್ನ ಕೈಯಾನ ಬಳಿಗೋಳು ಇಷ್ಟ ದಪ್ಪ ಇರಲಿಲ್ಲಾ."

"ಸಣ್ಣ ಮಾಡ್ಲೇನ್ರಿ?" ದೊರೆಯ ಮೂಗನ್ನೂ ತಿದ್ದಲೊಪ್ಪದ ಅಕ್ಕೋರು ಕೇಳಿದರು.

"ಬ್ಯಾಡ, ಇರ್ಲಿ. ಛಲೋ ಕಾಣ್ತಾವ."

ಇವತ್ತಿಗೂ ನನ್ನ ಅಂಗಡಿ ನಿಂತಿರುವುದು ಆ ಬಳೆಗಳ ಮೇಲೆ.

ಹೋದ ವರ್ಷ ಅಕ್ಕೋರು ತೀರಿಕೊಂಡರು. ಅವರ ತಂಗಿ ಫೋಟೊ ತಂದು, ಜಗಲಿಗೊಂದು ಮುಖ ಮಾಡಿಸಿಕೊಡಿ ಎಂದರು. ನಾನು ಎರಡೂ ಮಗ್ಗಲಿಗೆ ಎರಕ ಹೊಯ್ಯಲು ಹೇಳಿದಾಗ ಪತ್ತಾರರು ತಡೆದರು. "ಜಗಲಿ ಮುಖಕ್ಕ ಹಿಂದ ಬೋಳ ಇರತೈತಲ್ರಿ?"

"ಇವರಿಗೆ ಇರೂದಿಲ್ಲ" ಎಂದು, ಹಿಂಬದಿಯಲ್ಲಿ ಮೂಡಿಸಲೆಂದು ತಂಗಿಯಿಂದ ಕೇಳಿ ತಂದಿದ್ದ ಅಕ್ಕೋರ ಹೇರ್‌ಪಿನ್ ಮುಂದಿಟ್ಟೆ. ಪತ್ತಾರರು ಹೇಳಿದ ಕೂಲಿಗೆ ಅವತ್ತು ನಾನು ಚೌಕಾಶಿ ಮಾಡಲಿಲ್ಲ.