ಉತ್ತರಕ್ಕೆ ಬಿಟ್ಟ ಜಾಗ

ನಂಬಲಾಗದ ಅನುಭವ ಹೇಳುವ ಇಂಥ ಬರಹಗಳು ಕಣ್ಣಿಗೆ ಬಿದ್ದಾಗ ಪುಟ ತಿರುಗಿಸಿಬಿಡುವವರಲ್ಲಿ ನಾನೂ ಒಬ್ಬ. ಬರೆದವರು ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ. ಮನುಷ್ಯನ ನೆನಪು ಎಷ್ಟು ಸಲೀಸಾಗಿ ಕಥೆ ಕಟ್ಟಿಕೊಳ್ಳುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಕಾಲೇಜಿನಲ್ಲಿ ಓದುವಾಗಿನಿಂದ ದಿನಚರಿ ಬರೆಯುತ್ತ ಬಂದಿದ್ದೇನೆ. ಹಳೆಯ ಪುಟ ತೆಗೆದಾಗಲೆಲ್ಲ ನಾನು ವರ್ಷಗಟ್ಟಲೆ ನಿಜವೆಂದು ಹೇಳಿಕೊಂಡು ಬಂದದ್ದು ಅಲ್ಲಿ ಬೇರೆಯೇ ಆಗಿರುತ್ತದೆ. ಮಳೆ ಬಂದಿತ್ತು ಎಂದುಕೊಂಡ ದಿನ ಬಿಸಿಲಿರುತ್ತದೆ. ಅಪ್ಪ ಆಡಿದರೆಂದುಕೊಂಡ ಮಾತನ್ನು ಚಿಕ್ಕಪ್ಪ ಆಡಿರುತ್ತಾರೆ. ಹಾಗಾಗಿ ಈಗ ಹೇಳುವುದನ್ನೂ ನೀವು ಸ್ವಲ್ಪ ಅನುಮಾನದಿಂದಲೇ ಓದಿ. ಆ ಶುಕ್ರವಾರ ದಿನಚರಿಯಲ್ಲಿ ನಾನು ಬರೆದದ್ದು, ಅತ್ತೆಯ ರೆಕಾರ್ಡಿಂಗ್ ಆಯಿತು ಎಂದಷ್ಟೇ. ಉಳಿದದ್ದೆಲ್ಲ ನೆನಪು. ಅದರ ಜೊತೆಗೆ ಎರಡು ಕ್ಯಾಸೆಟ್ ಇವೆ.

ಎಂಬತ್ತರ ದಶಕದ ಮೊದಲ ವರ್ಷಗಳು. ತುಮಕೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದೆ. ಗುಬ್ಬಿ ಗೇಟಿನ ಹತ್ತಿರ ಬಾಡಿಗೆ ಮನೆ. ಅದರ ಒಂದು ಕೋಣೆಯನ್ನು ಹಾಡು ಹಿಡಿಯುವುದಕ್ಕೆಂದೇ ಬಿಟ್ಟುಕೊಂಡಿದ್ದೆ. ಸದ್ದು ಗೋಡೆಗೆ ಬಡಿದು ವಾಪಸು ಬರಬಾರದೆಂದು ಮೂರು ಗೋಡೆಗಳಿಗೆ ಕೌದಿ, ಗೋಣಿಚೀಲ ನೇತುಹಾಕಿದ್ದೆ. ಬಾಗಿಲಿದ್ದ ಗೋಡೆ ಮಾತ್ರ ಬರಿದಾಗಿತ್ತು, ಅಲ್ಲಿ ಮೊಳೆ ಹಿಡಿಯುತ್ತಿರಲಿಲ್ಲ. ಮೈಕ್ ಸೆಟ್ ಅಂಗಡಿಯವರು ಕೆಟ್ಟಿದೆಯೆಂದು ಬಿಸಾಕಿದ್ದ ಒಂದು ಮೈಕನ್ನು ರಿಪೇರಿ ಮಾಡಿಟ್ಟುಕೊಂಡಿದ್ದೆ. ಎರಡು ಕ್ಯಾಸೆಟ್ ಡೆಕ್ ಇದ್ದವು. ಮೊದಲನೆಯದರಲ್ಲಿ ಒಬ್ಬರ ಹಾಡು ಹಿಡಿಯುವುದು, ಆಮೇಲೆ ಅದನ್ನು ಹಾಕಿಕೊಂಡು ಅದರ ಜೊತೆಗೆ ಇನ್ನೊಂದು ದನಿಯನ್ನೋ ತಬಲಾವನ್ನೋ ಸೇರಿಸಿ ಎರಡನೆಯದಕ್ಕೆ ಇಳಿಸುವುದು. ಹೀಗೆ ಇಳಿಸಿದಾಗಲೆಲ್ಲ ಟೇಪಿನ ಸುಯ್ ಎನ್ನುವ ಸದ್ದೂ ಹೆಚ್ಚುತ್ತಿತ್ತು. ಅದನ್ನು ಕಡಿಮೆ ಮಾಡಲು ನಾನು ಪಟ್ಟ ಪಾಡು ಒಂದೆರಡಲ್ಲ. ಮೈಕನ್ನು ಬಾಯಿಗೆ ಒಂದು ಗೇಣಿನಷ್ಟು ಹತ್ತಿರ ಇಡಬೇಕು ಎಂಬುದು ಆಮೇಲೆ ತಿಳಿಯಿತು. ಕೇಳಿ ಕೇಳಿ ಕಿವಿ ಪಳಗಿ, ಹಾಡಿದವರು ಮೈಕಿನಿಂದ ಎಷ್ಟು ದೂರ ಕೂತಿದ್ದರು, ಯಾವ ಗೋಡೆಯ ಕಡೆ ಇದ್ದರು ಎಂದು ಟೇಪ್ ಕೇಳಿಯೇ ಹೇಳುತ್ತಿದ್ದೆ. ಜಂಬಕ್ಕೆ ಹೇಳುತ್ತಿಲ್ಲ, ಮುಂದೆ ಇದು ಬೇಕಾಗುತ್ತದೆ.

ನಮ್ಮ ಬೀದಿಯ ತುಂಬ ತಗಡಿನ ಟ್ರಂಕು ಮಾಡುವವರು. ಬೆಳಗಿನಿಂದ ಸಂಜೆಯವರೆಗೆ ಸುತ್ತಿಗೆಯ ಸದ್ದು. ಎದುರಂಗಡಿಯ ಸತ್ತಾರ್ ಸಾಬರು ದನಿಗಳನ್ನು ಬೆರೆಸುವ ನನ್ನ ಮಿಕ್ಸರಿಗೆ ಟ್ರಂಕಿನ ತಗಡಿನಲ್ಲೇ ಪೆಟ್ಟಿಗೆ ಮಾಡಿ, ಬೇಡವೆಂದರೂ ಕೇಳದೆ ಅದರ ಮೇಲೆ ಗುಲಾಬಿ ಹೂವಿನ ಚಿತ್ರ ಬರೆಸಿಕೊಟ್ಟಿದ್ದರು. ಎರಡನೆಯ ಡೆಕ್ ಕೂಡ ಅವರ ಅಳಿಯ ಸೌದಿಯಿಂದ ತಂದದ್ದು. ಸದ್ದಿನ ವಿಷಯ ಎತ್ತಿದಾಗ ಅವರು ನಕ್ಕು, "ಮೇಷ್ಟ್ರೇ, ನಿಮ್ ಹಾಡ್ಗೆ ನಮ್ ಸುತ್ಗೇನೇ ತಬಲಾ. ಪುಕ್ಕಟೆ ಇಟ್ಕಳಿ" ಎಂದಿದ್ದರು. ಆಮೇಲೆ ಅವರೇ ದಾರಿಯನ್ನೂ ಹೇಳಿದರು. "ಶುಕ್ರವಾರ ಜುಮ್ಮಾ ನಮಾಜಿಗೆ ಬೀದಿನೇ ಖಾಲಿ ಆಗ್ತದೆ. ಆಗ ಹಿಡ್ಕಳಿ ನಿಮ್ದು." ಅಂದಿನಿಂದ ನನ್ನ ರೆಕಾರ್ಡಿಂಗ್ ಎಲ್ಲ ಶುಕ್ರವಾರ ಮಧ್ಯಾಹ್ನವೇ. ಅವರೆಲ್ಲ ಮಸೀದಿಗೆ ಹೋಗಿ ಬರುವಷ್ಟರಲ್ಲಿ ಕೆಲಸ ಮುಗಿಯಬೇಕು.

ಕುಣಿಗಲ್ಲಿನ ಗಂಗತ್ತೆ ನನ್ನ ತಂದೆಯ ತಂಗಿ. ತಾಯಿಯಿಲ್ಲದ ನನ್ನನ್ನು ಹೈಸ್ಕೂಲು ಮುಗಿಯುವವರೆಗೆ ಸಾಕಿದವರು. ಆ ವರ್ಷ ಅವರ ಗಂಟಲಿನಲ್ಲಿ ಗಡ್ಡೆ ಕಾಣಿಸಿಕೊಂಡಿತು. ಬೆಂಗಳೂರಿನ ವೈದ್ಯರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯಬಹುದು, ದನಿ ಉಳಿಯುವುದಿಲ್ಲ ಎಂದರು. ಆಪರೇಷನ್ನಿಗೆ ಹೋಗುವ ಮುನ್ನ ನಮ್ಮ ಮನೆಯಲ್ಲಿ ನಾಲ್ಕು ದಿನ ಇರಲಿ ಎಂದು ಕರೆತಂದೆ. ಅವರ ದನಿಯನ್ನು ಹಿಡಿದಿಟ್ಟುಕೊಳ್ಳಬೇಕು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಆಗಲೇ ದನಿ ಒಡೆದು ಗೊಗ್ಗರವಾಗಿತ್ತು. ಮುಂದಿನ ವಾರಕ್ಕೆ ಅದೂ ಇರುವುದಿಲ್ಲ.

ಅತ್ತೆಗೆ ಬರುತ್ತಿದ್ದದ್ದು ಮದುವೆಯ ಸೋಬಾನೆ ಹಾಡುಗಳು. ಅವನ್ನು ಒಬ್ಬರೇ ಹಾಡುವುದಿಲ್ಲ. ಒಬ್ಬರು ಸೊಲ್ಲು ಎತ್ತುತ್ತಾರೆ, ಇನ್ನೊಬ್ಬರು ಅದನ್ನೇ ತಿರುಗಿ ಹೇಳಿ ಉತ್ತರ ಕೊಡುತ್ತಾರೆ. ಅತ್ತೆಗೆ ಉತ್ತರ ಕೊಡುತ್ತಿದ್ದವರು ಅವರ ಓರಗಿತ್ತಿ, ನಿಟ್ಟೂರಿನಿಂದ ಆ ಮನೆಗೆ ಬಂದಿದ್ದ ಸಿದ್ದಮ್ಮ. ಹುಡುಗಿಯನ್ನು ಹಸೆಗೆ ಕರೆಯುವ ಹಾಡನ್ನು ಅತ್ತೆ ಎತ್ತಬೇಕು, ಸಿದ್ದಮ್ಮ ಉತ್ತರ ಕೊಡಬೇಕು. ಮದುವೆ ಮುಗಿದು ಹೆಣ್ಣು ಒಪ್ಪಿಸುವ ಹಾಡನ್ನು ಸಿದ್ದಮ್ಮ ಎತ್ತಬೇಕು, ಅತ್ತೆ ಉತ್ತರ ಕೊಡಬೇಕು. ಒಳಕ್ಕೆ ಕರೆದವಳೇ ಹೊರಕ್ಕೆ ಕಳಿಸಬಾರದು ಎಂದು ಅವರಿಬ್ಬರೂ ಇಟ್ಟುಕೊಂಡಿದ್ದ ಕಟ್ಟಳೆ ಅದು. ಒಪ್ಪಿಸುವ ಹಾಡಿಗೆ ಅತ್ತೆಯ ಉತ್ತರ ಬಂದ ಮೇಲೆಯೇ ಹೆಣ್ಣು ಹೊಸಿಲು ದಾಟಬೇಕು. ಎಷ್ಟೋ ಮದುವೆಗಳಲ್ಲಿ ಅತ್ತೆ ಅಳು ತಡೆಯಲಾರದೆ ಉತ್ತರ ನಿಲ್ಲಿಸಿ, ಗಂಡಿನ ಕಡೆಯವರು ಬಸ್ಸು ಹೊರಡುತ್ತದೆಂದು ಗೊಣಗುತ್ತ ನಿಂತದ್ದನ್ನು ನಾನೇ ನೋಡಿದ್ದೇನೆ. ಸಿದ್ದಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಅಲ್ಲಿಂದ ಅತ್ತೆ ಹಾಡಿರಲಿಲ್ಲ.

"ಒಂದೇ ಒಂದು ಹಸೆ ಹಾಡು ಹೇಳತ್ತೆ" ಎಂದೆ.

"ಒಬ್ಳೇ ಹೆಂಗ್ಲಾ ಹೇಳಾದು? ಸೊಲ್ಲೆತ್ಬುಟ್ಟು ಗ್ವಾಡೆ ಮಕ ನೋಡ್ಕಂಡು ಕೂತ್ಕಳ್ಳಾ?"

ನನ್ನ ಹೆಂಡತಿ ಸರೋಜ, "ನಾನು ಹೇಳ್ತೀನಿ ಅತ್ತೆ, ಕಲಿಸ್ಕೊಡಿ" ಎಂದಳು.

"ನೀನು ರೇಡಿಯೋ ಹಾಡು ಹೇಳೋಳು ಕಣವ್ವ. ನೀನು ಉತ್ರ ಕೊಟ್ರೆ ಮದ್ಲಗಿತ್ತಿ ಹಸೆ ಬುಟ್ಟು ಎದ್ದೋಯ್ತಾಳೆ."

ಆಗ ನಾನು ನನ್ನ ಉಪಾಯ ಹೇಳಿದೆ. ಮೊದಲು ಅತ್ತೆ ಸೊಲ್ಲುಗಳನ್ನಷ್ಟೇ ಹೇಳಲಿ, ಪ್ರತಿ ಸೊಲ್ಲಿನ ನಂತರ ಉತ್ತರಕ್ಕೆ ಬೇಕಾದಷ್ಟು ಜಾಗ ಬಿಡಲಿ. ಆಮೇಲೆ ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಆ ಜಾಗಗಳಲ್ಲಿ ತಾವೇ ಉತ್ತರ ಕೊಡಲಿ. ಎರಡನ್ನೂ ನಾನು ಸೇರಿಸುತ್ತೇನೆ. ಅತ್ತೆ ನಕ್ಕರು. "ನಂಗೆ ನಾನೇ ಓರಗಿತ್ತಿ ಆಗ್ಬೇಕು ಅನ್ನು. ಆಗ್ಲಿ ಬುಡು, ಜಗಳನಾದ್ರೂ ಇರಾಕಿಲ್ಲ."

ಶುಕ್ರವಾರ ಸುತ್ತಿಗೆಗಳು ಒಂದೊಂದಾಗಿ ನಿಂತವು. ಅತ್ತೆ ಚಾಪೆಯ ಮೇಲೆ ಕೂತರು. ಸರೋಜ ಬಾಗಿಲ ಪಕ್ಕ, ಆ ಬರಿ ಗೋಡೆಗೆ ಒರಗಿ ಕೂತಳು. ಮೊದಲ ಸಲ ಎಲ್ಲ ಸರಿಯಾಗಿ ನಡೆಯಿತು. ಒಡೆದ ದನಿಯಲ್ಲೇ ಅತ್ತೆ ಹಸೆಯ ಹಾಡನ್ನು ಕೊನೆಯವರೆಗೆ ಹೇಳಿದರು. ನಡುನಡುವೆ ಬಿಟ್ಟ ಜಾಗಗಳಲ್ಲಿ ಟೇಪಿನ ಸುಯ್‌ಗುಟ್ಟುವಿಕೆ ಬಿಟ್ಟರೆ ಏನೂ ಇರಲಿಲ್ಲ. ಆ ಕ್ಯಾಸೆಟ್ ಈಗಲೂ ನನ್ನಲ್ಲಿದೆ, ಆ ಜಾಗಗಳು ಈಗಲೂ ಖಾಲಿಯೇ ಇವೆ.

ಸರೋಜ ಬಿಸಿನೀರು ಕಾಯಿಸಿ ತಂದಳು, ಅತ್ತೆ ಕುಡಿದರು. ನನ್ನಲ್ಲಿ ಇದ್ದದ್ದು ಒಂದೇ ಹೆಡ್‌ಫೋನು, ಅದನ್ನು ಅತ್ತೆಯ ಕಿವಿಗೆ ಹಾಕಿ ಎರಡೂ ಡೆಕ್ ಚಾಲೂ ಮಾಡಿದೆ. ಸ್ಪೀಕರ್ ಮುಚ್ಚಿದ್ದೆ. ಹಾಗಾಗಿ ಮೊದಲು ಹಿಡಿದ ಸೊಲ್ಲುಗಳು ಅತ್ತೆಗೆ ಮಾತ್ರ ಕೇಳಬೇಕು, ಕೋಣೆಯಲ್ಲಿದ್ದ ನಮಗೆ ಅತ್ತೆ ಕೊಡುವ ಉತ್ತರ ಮಾತ್ರ ಕೇಳಬೇಕು.

ಅತ್ತೆ ಉತ್ತರ ಕೊಡಲಿಲ್ಲ. ಇದು ನನ್ನ ನೆನಪು. ಅವರು ಬಾಯಿ ಮುಚ್ಚಿಕೊಂಡೇ ಕೂತಿದ್ದರು. ಮರೆತರೇನೋ ಎಂದು ನಾನು ಕೈಸನ್ನೆ ಮಾಡಿದೆ. ಅವರು, ಮಾತಿನ ನಡುವೆ ಬಾಯಿ ಹಾಕುವ ಮಕ್ಕಳನ್ನು ತಡೆಯುವಂತೆ ಅಂಗೈ ಎತ್ತಿ ನನ್ನನ್ನು ಸುಮ್ಮನಿರಿಸಿದರು. ಕೋಣೆ ನಿಶ್ಶಬ್ದವಾಗಿತ್ತು. ಆದರೆ ಸದ್ದಿನ ಮಟ್ಟ ತೋರಿಸುವ ಡೆಕ್ಕಿನ ಮುಳ್ಳು ಖಾಲಿ ಜಾಗಗಳಲ್ಲೂ ಆಡುತ್ತಿತ್ತು. ಕರೆಂಟಿನ ಏರುಪೇರು ಎಂದುಕೊಂಡೆ. ಹಾಡು ಮುಗಿಯಿತು. ನಿಲ್ಲಿಸಬೇಕೆನ್ನುವಷ್ಟರಲ್ಲಿ ಬೀದಿಯಲ್ಲಿ ಮೊದಲ ಸುತ್ತಿಗೆಯ ಪೆಟ್ಟು ಬಿತ್ತು. ಅದೇ ಕ್ಷಣ ಅತ್ತೆ ತಟ್ಟನೆ ಬಾಯಿ ತೆರೆದರು, ಏನನ್ನೋ ಹೇಳಹೊರಟವರಂತೆ. ಮತ್ತೆ ತುಟಿ ಬಿಗಿದು, ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ಹೆಡ್‌ಫೋನು ತೆಗೆದಿಟ್ಟು, "ಸಾಕು ಬುಡು ಮಗಾ" ಎಂದು ಎದ್ದು ಒಳಗೆ ಹೋದರು.

ರೆಕಾರ್ಡಿಂಗ್ ಕೆಟ್ಟಿತು ಎಂದುಕೊಂಡೇ ಸಂಜೆ ಎರಡನೆಯ ಡೆಕ್ಕಿನ ಕ್ಯಾಸೆಟ್ ಹಾಕಿದೆ. ಅದರಲ್ಲಿ ಎರಡು ದನಿ ಇದ್ದವು. ಅತ್ತೆಯ ಒಡಕು ದನಿ ಸೊಲ್ಲು ಎತ್ತುತ್ತಿತ್ತು, ಮತ್ತೊಂದು ತೆಳುವಾದ ತಿಳಿ ದನಿ ಪ್ರತಿ ಸೊಲ್ಲಿಗೂ ಉತ್ತರ ಕೊಡುತ್ತಿತ್ತು. ಆ ದನಿ ಮೈಕಿನ ಹತ್ತಿರದ್ದಲ್ಲ. ಅದಕ್ಕೆ ಬರಿ ಗೋಡೆಯ ಅನುರಣನವಿತ್ತು. ಬಾಗಿಲ ಕಡೆಯಿಂದ ಬಂದಂತಿತ್ತು.

ಸರೋಜಳನ್ನು ಕರೆದು ಕೇಳಿಸಿದೆ. ಅವಳಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

"ಅತ್ತೆ ಹಾಡಿದ್ರಲ್ಲ, ಇನ್ನೇನು?"

"ಅವರು ಬಾಯಿ ತೆಗೀಲಿಲ್ಲ ಕಣೇ. ನಾನು ನೋಡ್ತಾನೇ ಇದ್ದೆ."

"ನೀವು ನೋಡ್ತಾ ಇದ್ದದ್ದು ನಿಮ್ಮ ಮುಳ್ಳನ್ನ. ಬಿಸಿನೀರು ಕುಡಿದ್ಮೇಲೆ ಗಂಟಲು ತಿಳಿಯಾಯ್ತು. ಎಷ್ಟು ಚೆನ್ನಾಗಿ ಹಾಡಿದ್ರು, ನನ್ನ ಪಕ್ಕದಲ್ಲೇ ಕೂತು ಹಾಡಿದಂಗಿತ್ತು."

ಅವಳು ಅದನ್ನು ಸಹಜವಾಗಿಯೇ ಹೇಳಿದಳು. ಅತ್ತೆ ಕೂತಿದ್ದದ್ದು ಕೋಣೆಯ ಆ ತುದಿಯಲ್ಲಿ, ಅವಳ ಪಕ್ಕದಲ್ಲಲ್ಲ ಎಂದು ನಾನು ನೆನಪಿಸಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಹಾಡು ಮುಗಿದು, ಟೇಪಿನಲ್ಲಿ ಸುತ್ತಿಗೆಯ ಪೆಟ್ಟು ಬಿದ್ದು, ಅದರ ಮೇಲೆಯೇ ಆ ತೆಳು ದನಿ ಹೊಸ ಸೊಲ್ಲೊಂದನ್ನು ಎತ್ತಿತು. ಹೆಣ್ಣು ಒಪ್ಪಿಸುವ ಹಾಡಿನ ಮೊದಲ ಸೊಲ್ಲು. ಎತ್ತಿ, ನಿಲ್ಲಿಸಿತು. ಆಮೇಲೆ ಸುತ್ತಿಗೆಯ ಸದ್ದಷ್ಟೇ.

ಮರುದಿನ ಬೆಳಿಗ್ಗೆ ಅತ್ತೆ ಹಿತ್ತಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನೀನು ಯಾಕೆ ಹಾಡಲಿಲ್ಲ ಎಂದು ಕೇಳಿದೆ.

"ಅವ್ಳೇ ಹಾಡ್ತಾವ್ಳಲ್ಲ, ನಾನ್ಯಾಕೆ ಮಧ್ಯ ಬಾಯಿ ಹಾಕ್ಲಿ?"

"ಯಾರು?"

ಅವರು ಇನ್ನೊಂದು ಹಿಡಿ ಕಾಯಿ ಮಡಿಲಿಗೆ ಎಳೆದುಕೊಂಡರು. ಸುಲಿಯುತ್ತ, "ಕಡೇ ಸೊಲ್ಗೆ ನಾನು ಉತ್ರ ಕೊಡ್ಲಿಲ್ಲ ಕಣ್ಲಾ" ಎಂದರು. "ಕೊಟ್ಟಿದ್ರೆ ಹೊಂಡ್ಬೇಕಾಯ್ತಿತ್ತು. ಇನ್ನೂ ವಸಿ ದಿನ ಇರಾನ ಅನ್ನುಸ್ತು." ಆಮೇಲೆ ನನ್ನ ಮುಖ ನೋಡಿ, "ಯಾಕಂಗ್ ಬೆದ್ರುಕೋತೀಯ? ಮೇಷ್ಟ್ರಾದೋನು" ಎಂದು ರೇಗಿಸಿದರು.

ಅತ್ತೆ ನನ್ನೊಡನೆ ಬಾಯಿಬಿಟ್ಟು ಹೆಚ್ಚಾಗಿ ಮಾತಾಡಿದ್ದು ಅದೇ ಕೊನೆ. ಆ ಖಾಲಿ ಜಾಗಗಳನ್ನು ಅವರು ಮನಸ್ಸಿನಲ್ಲೇ ತುಂಬಿಕೊಂಡು ಹೀಗೆ ಹೇಳಿದ್ದಿರಬಹುದೇ? ಆಪರೇಷನ್ನಿನ ಭಯವೇ ಹಾಗೆ ಆಡಿಸಿತೇ? ಇರಬಹುದು. ನಲವತ್ತು ವರ್ಷ ಜೊತೆಗೆ ಹಾಡಿದವಳ ದನಿ ಅವರ ಗಂಟಲಿನಲ್ಲೇ ಉಳಿದಿದ್ದು, ಅವರಿಗೇ ತಿಳಿಯದಂತೆ ಹೊರಬಂದಿತೇ? ಅದೂ ಇರಬಹುದು. ಹಾಗಾದರೆ ಸರೋಜ ಹೇಳಿದ್ದು ನಿಜ, ನನ್ನ ಕಣ್ಣು ಸುಳ್ಳು. ನಾನು ಅದಕ್ಕೂ ಒಪ್ಪುತ್ತೇನೆ. ಆದರೆ ಆ ಗೋಡೆಯ ಅನುರಣನವನ್ನು ಏನು ಮಾಡಲಿ?

ಆಪರೇಷನ್ ಆಯಿತು. ಅತ್ತೆ ಕುಣಿಗಲ್ಲಿಗೆ ಮರಳಿದರು. ಕೊರಳಿನಲ್ಲಿ ಉಸಿರಾಡಲು ಮಾಡಿದ್ದ ತೂತಿನ ಮೇಲೆ ಬಿಳಿ ಬಟ್ಟೆ ಕಟ್ಟಿಕೊಂಡು ಮನೆಯ ಕೆಲಸವನ್ನೆಲ್ಲ ಮೊದಲಿನಂತೆಯೇ ಮಾಡುತ್ತಿದ್ದರು. ನಾನು ಹೋದಾಗಲೆಲ್ಲ ಕ್ಯಾಸೆಟ್ ಹಾಕು ಎಂದು ಸನ್ನೆ ಮಾಡುವರು. ಹಸೆಯ ಹಾಡನ್ನು ಪೂರ್ತಿ ಕೇಳುವರು. ಅದು ಮುಗಿದು ಸುತ್ತಿಗೆಯ ಪೆಟ್ಟು ಬೀಳುವ ಮೊದಲೇ ಅಂಗೈ ಎತ್ತುವರು, ನಾನು ನಿಲ್ಲಿಸುವೆ. ಹೀಗೆ ಕೆಲವು ವರ್ಷ ನಡೆಯಿತು. ಆ ಭಾಗವನ್ನು ಅಳಿಸಿಬಿಡಲೇ ಎಂದು ಒಮ್ಮೆ ಕೇಳಿದೆ. ಬೇಡವೆಂದು ತಲೆಯಾಡಿಸಿದರು.

ಕೊನೆಯ ಸಲ ಹೋದಾಗ ಅವರು ಗೋಡೆಗೆ ದಿಂಬು ಕೊಟ್ಟುಕೊಂಡು ಕೂತಿದ್ದರು. ಬಹಳ ಇಳಿದುಹೋಗಿದ್ದರು. ಹಾಡು ಮುಗಿಯಿತು. ನಾನು ಗುಂಡಿಯ ಮೇಲೆ ಬೆರಳಿಟ್ಟು ಅವರ ಕೈಯನ್ನೇ ನೋಡುತ್ತಿದ್ದೆ. ಕೈ ಮೇಲೇಳಲಿಲ್ಲ. ಸುತ್ತಿಗೆಯ ಪೆಟ್ಟು ಬಿತ್ತು, ತೆಳು ದನಿ ಸೊಲ್ಲು ಎತ್ತಿತು, ನಿಂತಿತು. ಅತ್ತೆ ನೆಟ್ಟಗೆ ಕೂತು, ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ತುಟಿ ಆಡಿಸಿದರು. ಸೊಲ್ಲಿನ ಉದ್ದಕ್ಕೂ ಆಡಿಸಿದರು. ಕೊರಳಿನ ಬಟ್ಟೆ ಅದುರಿತು, ಸದ್ದಿಲ್ಲ. ಮುಗಿಸಿ, ಟೇಪ್‌ರೆಕಾರ್ಡರ್ ಕಡೆ ಅಲ್ಲ, ಬಾಗಿಲ ಕಡೆ ನೋಡಿದರು.

ಅದಾದ ಮೇಲೆ ಅವರು ಹೆಚ್ಚು ದಿನ ಇರಲಿಲ್ಲ. ಕಾಯಿಲೆ ಮರುಕಳಿಸಿತ್ತು, ವೈದ್ಯರು ಮೊದಲೇ ಹೇಳಿದ್ದರು. ಅದರಲ್ಲಿ ಸೋಜಿಗವೇನೂ ಇಲ್ಲ. ನಾನೂ ಹಾಗೆಯೇ ಹೇಳಿಕೊಳ್ಳುತ್ತ ಬಂದಿದ್ದೇನೆ.

ಆಮೇಲೆ ಒಳ್ಳೆಯ ಉಪಕರಣಗಳು ಕೈಗೆ ಬಂದಾಗ ಆ ಟೇಪನ್ನು ಶುದ್ಧ ಮಾಡಿ ಕೇಳಲು ಎಷ್ಟೋ ಸಲ ಕೂತಿದ್ದೇನೆ. ತೆಳು ದನಿಯನ್ನು ಏರಿಸಿದಷ್ಟೂ ಸುಯ್ ಸದ್ದೇ ಏರುತ್ತದೆ, ಯಾರ ದನಿ ಎಂಬುದು ಒಂದಿಷ್ಟೂ ಸ್ಪಷ್ಟವಾಗುವುದಿಲ್ಲ. ಸರೋಜ ಈಗಲೂ ಅದು ಅತ್ತೆಯದೇ ಎನ್ನುತ್ತಾಳೆ. ಇಬ್ಬರಲ್ಲಿ ಒಬ್ಬರಿಗೆ ತಪ್ಪು ನೆನಪು, ಅದು ನನ್ನದೇ ಇರಲಿ ಎಂದು ಎಷ್ಟೋ ಸಲ ಆಸೆಪಟ್ಟಿದ್ದೇನೆ. ಕೊನೆಯ ಸೊಲ್ಲಿನ ಆಚೆಗಿನ ಟೇಪನ್ನು ಮಾತ್ರ ನಾನು ಈಗ ಕೇಳುವುದಿಲ್ಲ. ಕುಣಿಗಲ್ಲಿನಲ್ಲಿ ಆ ದಿನ ಅಲ್ಲಿ ಸುತ್ತಿಗೆಯ ಸದ್ದು ಬಿಟ್ಟರೆ ಯಾವ ಉತ್ತರವೂ ಇರಲಿಲ್ಲ ಎಂಬುದು ನನಗೆ ಗೊತ್ತು. ಅತ್ತೆ ಹೋದ ಮೇಲೂ ಅದು ಹಾಗೆಯೇ ಇದೆಯೇ ಎಂದು ನೋಡುವ ಧೈರ್ಯ ಇನ್ನೂ ಬಂದಿಲ್ಲ.